ಮೊಂಡು ಚಾಕು

ವಾಲ್ವಿಸ್ ಬೇಯಲ್ಲಿ ಬೆಳಗಾಗುವುದು ಮಂಜಿನೊಳಗೆ.
ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಮರಳುಗಾಡು,
ನಡುವೆ ನಮ್ಮ ಮೀನಿನ ಫ್ಯಾಕ್ಟರಿಯ ಸೈರನ್ನು.
ಐದೂ ಮುಕ್ಕಾಲಿಗೆ ಬಿಳಿ ಗಮ್‌ಬೂಟು, ನೀಲಿ ಟೋಪಿ,
ಎಲ್ಲರದೂ ಒಂದೇ ಮುಖ.

ಮೊದಲಿದ್ದವನು ಬ್ರಿಂಕ್. ಕೆಟ್ಟವನೇನಲ್ಲ,
ಹುಟ್ಟುಹಬ್ಬಕ್ಕೆ ಕೇಕು ತರಿಸುತ್ತಿದ್ದ.
ಪಾಯಿಖಾನೆಗೆ ಹೊರಟರೆ ಮಾತ್ರ ಗಡಿಯಾರ ನೋಡುತ್ತಿದ್ದ.
ಮೇಲಿನವರು ಬಂದ ದಿನ ನಮ್ಮ ಹೆಸರೆಲ್ಲ ಮರೆತು
"ಮೂರನೇ ಲೈನು" ಎನ್ನುತ್ತಿದ್ದ,
ನಾವು ಎದುರಿಗೇ ನಿಂತಿರುತ್ತಿದ್ದೆವು.

ಆಮೇಲೆ ಹಿಲೇನಿ ಬಂದಳು, ಒಂಡಾಂಗ್ವಾ ಕಡೆಯವಳು.
ನಗು ಕಡಿಮೆ. ಕೇಕಂತೂ ಇಲ್ಲವೇ ಇಲ್ಲ.
ಮೊದಲ ದಿನವೇ ನನ್ನ ಪಕ್ಕ ನಿಂತು ಕೇಳಿದಳು,
"ಈ ಚಾಕು ಎಷ್ಟು ದಿನದಿಂದ ಮೊಂಡು?"
ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮ್ಯಾನೇಜರಿಗೆ ಕೊಡುವ ಉತ್ತರವೇ ಬೇರೆ, ಇರುವ ನಿಜವೇ ಬೇರೆ.
"ನಡೆಯುತ್ತೆ ಮೇಡಂ," ಅಂದೆ.
ಚಾಕು ಇಸಕೊಂಡು ಒಂದು ಹೇಕ್ ಮೀನು ಸೀಳಿದಳು.
ಕೆಟ್ಟದಾಗಿ ಸೀಳಿದಳು, ಮುಳ್ಳಿನ ಜೊತೆ ಅರ್ಧ ಮಾಂಸ ಹೋಯಿತು.
"ನಡೆಯಲ್ಲ," ಅಂದಳು.
ಚಾಕಿಗೆ ಅಂದಳೋ ತನ್ನ ಕೈಗೆ ಅಂದಳೋ.
ಗುರುವಾರ ಸಾಣೆಯವನು ಬಂದ.

ಅವಳೂ ನಾನೂ ಹೊಂದಿಕೊಂಡದ್ದು ನಿಧಾನ.
ಎರಡು ಸಲ ಜಗಳ. ಒಂದು ರಜೆಯ ವಿಷಯಕ್ಕೆ,
ಅದರಲ್ಲಿ ತಪ್ಪು ನನ್ನದೇ. ಇನ್ನೊಂದು ತೂಕದ ಲೆಕ್ಕಕ್ಕೆ.
ಮಾರನೆ ದಿನ ಇಡೀ ಲೈನಿನ ಮುಂದೆ,
ಐಸು ಸುರಿಯುವ ಸದ್ದಿಗಿಂತ ಗಟ್ಟಿಯಾಗಿ,
"ನೆನ್ನೆ ಟುಯಾಕುಲಾ ಹೇಳಿದ್ದು ಸರಿ. ನಾನು ಕೂಡಿದ್ದು ತಪ್ಪು."
ಅಷ್ಟೇ. ಮೀನು ಬರುತ್ತಲೇ ಇತ್ತು.
ನನ್ನ ಕೈ ಒಂದು ಗಳಿಗೆ ನಿಂತಿತು.

ಜೂನಿನಲ್ಲಿ ಟ್ರಾಲರುಗಳು ಖಾಲಿ ಬಂದವು.
ಮೇಲಿನ ಮಹಡಿಯಲ್ಲಿ ಹೆಸರಿನ ಪಟ್ಟಿ ಆಗುತ್ತಿದೆಯೆಂದು ಗುಸುಗುಸು.
ಗಾಜಿನಾಚೆ ಎಲ್ಲರೂ ಕೂತಿದ್ದರು,
ಹಿಲೇನಿ ನಿಂತಿದ್ದಳು, ಒಂದೂವರೆ ಗಂಟೆ.
ಇಳಿದು ಬಂದಾಗ ಮುಖದಲ್ಲಿ ಏನೂ ಇಲ್ಲ.
"ಯಾರೂ ಹೋಗುತ್ತಿಲ್ಲ. ವಾರಕ್ಕೆ ನಾಲ್ಕೇ ದಿನ ಕೆಲಸ, ಎಲ್ಲರಿಗೂ."
ಬೈದೆವು. ಎಲ್ಲರಿಗಿಂತ ಜೋರಾಗಿ ನಾನೇ ಬೈದೆ.
ಒಂದು ದಿನದ ಕೂಲಿಯೆಂದರೆ ಮಗಳ ಸ್ಕೂಲಿನ ಬಸ್ಸು.
ಆ "ಎಲ್ಲರಿಗೂ" ಒಳಗೆ ಅವಳೂ ಇದ್ದಳೆಂದು
ತಿಂಗಳಾದ ಮೇಲೆ ತಿಳಿಯಿತು,
ಸಂಬಳ ಬರೆಯುವ ಹುಡುಗ ಬಾಯಿ ತಪ್ಪಿ ಆಡಿದಾಗ.

ಈಗ ಅವಳು ಲ್ಯೂಡೆರಿಟ್ಜ್ ಬಂದರಿನಲ್ಲಿದ್ದಾಳೆ.
ಲೈನಿನ ಶಿಳ್ಳೆ ನನ್ನ ಕೊರಳಲ್ಲಿ.
ಹತ್ತಿರ ಹೋದರೆ ಹಳೆಯ ಗೆಳತಿಯರು ಮಾತು ನಿಲ್ಲಿಸುತ್ತಾರೆ.
ನಾವೂ ಹಾಗೇ ನಿಲ್ಲಿಸುತ್ತಿದ್ದೆವು,
ಅವಳಿಗೆ ಕೇಳಿಸುತ್ತಿತ್ತೆಂದು ಈಗ ಗೊತ್ತಾಗುತ್ತಿದೆ.

ಇವತ್ತು ಹೊಸ ಹುಡುಗಿ, ಪೆನೆಹಾಫೋ,
ಬೆರಳಿಗೆ ಚಿಂದಿ ಸುತ್ತಿಕೊಂಡು ನಿಂತಿದ್ದಳು.
ಚಾಕು ಹೇಗಿದೆ ಎಂದೆ.
"ನಡೆಯುತ್ತೆ ಮೇಡಂ."

ಕೈ ಚಾಚಿದೆ.
ಕೊಡಲೋ ಬೇಡವೋ ಎಂದು ನನ್ನನ್ನೇ ನೋಡಿದಳು.
ಮೀನು ಬರುತ್ತಲೇ ಇತ್ತು.