ಹನ್ನೊಂದನೆಯ ಸುತ್ತು

ಮೂವತ್ತೆಂಟು ವರ್ಷ ಟಪಾಲು ಹಂಚಿದವನು ನಾನು, ಫೆರ್ಗಲ್.
ಸ್ಲೈಗೋದ ಈ ಬಾಸ್ಕೆಟ್‌ಬಾಲ್ ಅಂಗಣದಲ್ಲಿ
ಕಟಕಟೆಗೆ ಹೊಟ್ಟೆ ಒತ್ತಿ, ಕಿವಿಗೆ ಪೆನ್ಸಿಲು ಸಿಕ್ಕಿಸಿ
ಇದು ಮೂರನೆಯ ರಾತ್ರಿ.
ಆಚೆ ಬದಿ ಹುಡುಗಿಯರು ಚೀಟಿ ಬಿಡಿಸುತ್ತಾರೆ,
ಈಚೆ ನಾವು ಗೀಟು ಹಾಕುತ್ತೇವೆ:
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.
ಚಹಾ ಕಹಿಯಾಗಿ ಎಷ್ಟೋ ಹೊತ್ತಾಯಿತು.

ನಾನು ‘ಒಂದು’ ಬರೆದದ್ದು ಡಿಂಪ್ನಾಳ ಮುಂದೆ.
ನಿಂತುಹೋದ ನಮ್ಮೂರ ಬಸ್ಸು ಓಡಿಸುತ್ತೇನೆ
ಎಂದವಳು ಅವಳೊಬ್ಬಳೇ.
ಮೊದಲ ಸುತ್ತಿಗೇ ಬಿದ್ದಳು,
ಕೋಟು ತೊಟ್ಟು ಎಲ್ಲರ ಕೈ ಕುಲುಕಿ ಹೋದಳು.
ಚೀಟಿ ಮಾತ್ರ ಸಾಯಲಿಲ್ಲ.
‘ಮನೆಗೆ ಬೀಗವಿದ್ದರೆ ಪಕ್ಕದ ಮನೆಗೆ ಕೊಡಿ’ ಅಂತ
ಲಕೋಟೆಯ ಮೂಲೆಯಲ್ಲಿ ಬರೆದ ಹಾಗೆ
ನನ್ನ ‘ಎರಡು’ ಇದ್ದಲ್ಲಿಗೆ, ಶಾಲೆಯ ಮೇಷ್ಟರಿಗೆ, ನಡೆಯಿತು.
ಅವರೂ ಬಿದ್ದರು. ಮತ್ತೆ ನಡೆಯಿತು.
ಗೆದ್ದವನ ಕೊಡ ತುಂಬಿದರೆ
ತುಳುಕಿದ್ದು ನೆಲದ ಪಾಲಲ್ಲ, ಮುಂದಿನ ಕೊಡದ ಪಾಲು.
ಲೆಕ್ಕ ವಿವರಿಸು ಅಂದರೆ ನನಗೂ ತಲೆ ಗಿರ್ರೆನ್ನುತ್ತದೆ.

ಅಕ್ಕ ಅಟ್ರಾಕ್ಟಾ ಲ್ಯಾಂಕಶೈರಿನವಳಾಗಿ ನಲವತ್ತು ವರ್ಷ.
ಆಸ್ಪತ್ರೆಯ ಬಟ್ಟೆ ಒಗೆದು ಬೆರಳು ಸುಕ್ಕಾದವು.
ಅಲ್ಲಿ ಅಂಕಿಯಿಲ್ಲ, ಒಂದೇ ಕತ್ತರಿ ಗುರುತು,
ತಪ್ಪು ಉತ್ತರಕ್ಕೆ ಮೇಡಮ್ಮು ಹಾಕುತ್ತಿದ್ದರಲ್ಲ, ಅದೇ.
ಪ್ರತಿ ಸಲ ಛತ್ರಿ ಹಿಡಿದು ಹೋಗುತ್ತಾಳೆ,
ಪ್ರತಿ ಸಲ ಅದೇ ಬಣ್ಣದವರು ಗೆಲ್ಲುತ್ತಾರೆ,
ಹೋದ ಸಲವಂತೂ ನೂರಕ್ಕೆ ಮೂವತ್ತೊಂದು ತಗೊಂಡು.
ಉಳಿದ ಅರವತ್ತೊಂಬತ್ತು?
ಯಾರೂ ಬಿಡಿಸದ ಕಾಗದ.
ಅಂಥವನ್ನು ನಮ್ಮ ಅಂಚೆಯಲ್ಲಿ
ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದೆವು.
‘ಆದರೂ ಎಣಿಸಿ ಮುಗಿಸಿ ಬೆಳಗಾಗುವಷ್ಟರಲ್ಲಿ
ಸರಕಾರ ಬಂದಿರುತ್ತದೆ ಕಣೋ’ ಅನ್ನುತ್ತಾಳೆ.
‘ನೀವಿನ್ನೂ ಚೀಟಿಗೆ ದಾರಿ ಹೇಳುತ್ತಿರುತ್ತೀರಿ.’

ಅವಳ ಮಗ ಉಟ್ರೆಕ್ಟಿನಲ್ಲಿದ್ದಾನೆ.
ಅಲ್ಲಿ ಇಡೀ ದೇಶವೇ ಒಂದು ತಕ್ಕಡಿಯಂತೆ,
ಅಕ್ಕಸಾಲಿ ತೂಗಿದ ಹಾಗೆ ಪಕ್ಷಕ್ಕೆ ತಕ್ಕಷ್ಟು ಪಾಲು.
ಸರಿ, ಚರಂಡಿ ಕಟ್ಟಿದರೆ ಯಾರ ಬಾಗಿಲು ಬಡಿಯುತ್ತೀ ಅಂದೆ.
‘ಮಾವಾ, ಇಲ್ಲಿ ಚರಂಡಿ ಕಟ್ಟುವುದಿಲ್ಲ’ ಅಂದ ಭಡವ.

ಹನ್ನೊಂದನೆಯ ಸುತ್ತು.
ಉಳಿದದ್ದು ಒಂದು ಸೀಟು, ಇಬ್ಬರು.
ಒಬ್ಬ ಕೋರ್ಮಾಕ್ ಡೆವಾನಿ.
ನಮ್ಮಪ್ಪನ ಹೊಲದ ಬೇಲಿಯನ್ನು
ರಾತ್ರೋರಾತ್ರಿ ಮೂರಡಿ ಒಳಕ್ಕೆ ತಳ್ಳಿದ ಮನೆಯವನು.
ಇನ್ನೊಬ್ಬನ ಮಾತೇ ಬೇಡ.
ಅವನನ್ನು ತಡೆಯಲೆಂದೇ ಹಲ್ಲು ಕಚ್ಚಿ
ಕೋರ್ಮಾಕನ ಮುಂದೆ ‘ಆರು’ ಗೀಚಿದ್ದೆ.

ಏಳು ಮತ. ಮರು ಎಣಿಕೆ. ಮತ್ತೆ ಏಳೇ.
ಅವನನ್ನು ಹೆಗಲ ಮೇಲೆ ಎತ್ತಿದರು,
ತಲೆ ಬಾಸ್ಕೆಟ್ಟಿನ ಬಲೆಗೆ ತಾಗಿತು.
ಆ ಗೆಲುವಿನೊಳಗೆ ನನ್ನದೂ ಒಂದು ಕಾಗದ,
ಆರು ಮನೆ ಅಲೆದು
ಬೇಡದ ಬಾಗಿಲಿಗೆ ಸರಿಯಾಗಿ ಬಟವಾಡೆಯಾದದ್ದು.
ಮೇಜಿನ ತುದಿಯಲ್ಲಿ ರಬ್ಬರು ಬಿಗಿದ ಇನ್ನೊಂದು ಕಟ್ಟು:
‘ಒಂದು’ ಅಂತ ಬರೆದು ಅಷ್ಟಕ್ಕೇ ನಿಲ್ಲಿಸಿದವರು,
ಎರಡನೆಯ ವಿಳಾಸ ಇಲ್ಲದವರು,
ಅಥವಾ ಬೇಡವೆಂದವರು.

ಅಕ್ಕನಿಗೆ ಫೋನು ಮಾಡಿದೆ.
‘ಕೊನೆಗೆ ಯಾರಿಗೆ ಹೋಯಿತೋ ನಿನ್ನದು?’
‘ಕೋರ್ಮಾಕನಿಗೆ.’
ಕೆಮ್ಮು ಬರುವವರೆಗೂ ನಕ್ಕಳು.
ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.
‘ನಿನಗೆ ಆರನೆಯವನಾದರೂ ಇದ್ದನಲ್ಲೋ’ ಅಂದಳು.

ಹೊರಗೆ ಬೆಳಕು ಹರಿದಿತ್ತು.
ಅಭ್ಯಾಸ ಬಲ, ನಿಲ್ದಾಣದ ತಗಡಿನ ಕೆಳಗೆ
ಎರಡು ನಿಮಿಷ ನಿಂತೆ.
ಆಮೇಲೆ ನೆನಪಾಗಿ, ನಡೆಯತೊಡಗಿದೆ.