ಎರಡು ಮೆಟ್ಟಿಲ ಬಾವಿ

ಶಹಾಬಾದಿನ ನಮ್ಮ ಪಡಸಾಲಿಗೆ ಊರದೇ ಫರಸಿ,
ಎರಡು ಫೂಟು ಉದ್ದ, ಎರಡು ಫೂಟು ಅಗಲ, ಬೂದಿಬಣ್ಣ.
ಅಳತಿಪಟ್ಟಿ ಬ್ಯಾಡ, ಕಾಗದ ಬ್ಯಾಡ.
ಕೌದಿ ಹಾಸಿದರ ಕಲ್ಲಿನ ಗೆರಿನೇ ಲೆಕ್ಕ ಹೇಳ್ತದ.

ಗುರುಬಾಯಿ ದೊಡ್ಡವ್ವನ ಬಾವಿ ಕೌದಿ
ಹೀಂಗೇ ಹಾಸಿ, ಕುಂತು ಎಣಿಸೀನಿ:
ಹೊರಗಿನ ಸುತ್ತಿಗಿ ನಲವತ್ತನಾಲ್ಕು ತುಂಡು,
ಆಮ್ಯಾಲ ಮೂವತ್ತಾರು, ಇಪ್ಪತ್ತೆಂಟು, ಇಪ್ಪತ್ತು, ಹನ್ನೆರಡು,
ತಳದಾಗ ನಾಕು.
ಐದು ಮೆಟ್ಟಿಲು ಇಳದ ಮ್ಯಾಲ
ಒಂದು ಗಂಗಾಳದಷ್ಟು ನೀಲಿ. ಅದೇ ನೀರು.

ಅಷ್ಟು ಪುರಸೊತ್ತು ನನಗಿಲ್ಲ.
ಸರಕಾರಿ ದವಾಖಾನಿ, ವಾರಕ್ಕ ನಾಕು ರಾತ್ರಿ ಡ್ಯೂಟಿ.
ಡಾಕ್ಟರ್ ಹಾಕಿದ ಹೊಲಿಗಿ ಏಳನೇ ದಿನ ಬಿಚ್ಚೂದು ನನ್ನ ಕೆಲಸ.
ದಾರ ಎಳದು, ಗಾಯ ಒರಸಿ,
ಮುಂದಿನವರು ಬರ್ರಿ ಅನ್ನೂದು.
ಬಿಚ್ಚಿ ಬಿಚ್ಚಿ ರೂಢಿಯಾದ ಕೈಗಿ
ಬಿಚ್ಚಬಾರದ ಹೊಲಿಗಿ ಕಲಿಸೂದು ಸಸಾರಲ್ಲ.
ತಂಗಿ ಮಗಳು ಜಗದೇವಿ ಹಡದು ಬರೂದ್ರಾಗ
ಮುಗೀಬೇಕು.

ಅದಕ್ಕ ಆಕಿ ನಾಕು ತುಂಡಿನ ಜಾಗಾದಾಗ
ನಾ ಒಂದು ಇಟ್ಟೆ.
ನೂರಾ ನಲವತ್ತನಾಲ್ಕು ಹೋಗಿ ಮೂವತ್ತಾರು,
ಐದು ಮೆಟ್ಟಿಲು ಹೋಗಿ ಎರಡು.
ಹೊರಗ ಕಿಟಕಿ ಪರದಿ,
ಅದರ ಒಳಗ ಈಗ ಯಾರೂ ಉಡದ ನಮ್ಮ ಬಿಳಿ ಯೂನಿಫಾರ್ಮ್ ಸೀರಿ,
ನಡುವ, ಬಾಗಿಲು ಹಾಕಿದ ಕಾರ್ಖಾನಿಯ
ನಮ್ಮಣ್ಣನ ಎರಡು ನೀಲಿ ಅಂಗಿ.
ಆಕಿ ಹೊಲಿಗಿ ಸಜ್ಜಿ ಕಾಳಿನಷ್ಟು, ನಂದು ತೊಗರಿ ಕಾಳಿನಷ್ಟು.
ಹಲೀಮಾ ಆಪಾ ನೋಡಿ ನಕ್ಕಳು:
"ಸಿಸ್ಟರ್, ಇದು ಕೌದಿನೋ, ಕೌದಿ ಫೋಟೋನೋ?"

ನಾಚಿಕಿ ಆತು, ಖರೆ.
ಮತ್ತ ಹಳೇದು ತಿರುವಿ ನೋಡಿದೆ.
ಒಂದೇ ತುಂಡು ಅಂದಕೊಂಡಿದ್ದು ಹಿಂದ ಮೂರಾಗಿತ್ತು:
ಕುಪ್ಪಸದ ತೋಳು, ಕುಲಾಯಿ ಅಂಚು,
ಮೂರನೇದು ಏನೋ, ಗುರುತು ಸಿಗಲಿಲ್ಲ.
ದೊಡ್ಡ ಬಟ್ಟಿ ಇದ್ದಿದ್ರ
ಯಾವಾಕಿ ಇಷ್ಟು ಸಣ್ಣ ಮೆಟ್ಟಿಲು ಕಡೀತಿದ್ಲು?
ನಾ ಸರಳ ಮಾಡೀನಿ ಅಂದ್ರ
ನನ್ನ ಹಂತ್ಯಾಕ ಅರಿವಿ ಇತ್ತು, ಅಷ್ಟೇ.

ಒಂದು ಮಾತ್ರ ಬಿಡಲಿಲ್ಲ.
ಕಡೀ ಮೂಲಿ ಮುಚ್ಚೂ ಮೊದಲ ಜ್ವಾಳದ ರೊಟ್ಟಿ ಚೂರು,
ಹಸದ ಕೌದಿ ಹೊದ್ದವರಿಗಿ ನಿದ್ದಿ ಬರಂಗಿಲ್ಲಂತ.
ಇರಬಿ ಬರ್ತಾವ ಅಂತು ನರ್ಸಿನ ಬುದ್ಧಿ.
ಬರಲಿ ಅಂದೆ.

ಐತವಾರ ದೊಡ್ಡವ್ವ ಬಂದ್ಲು.
ಕಣ್ಣಾಗ ಪೊರಿ, ಆಪರೇಷನ್ ಅಂದ್ರ ಇವತ್ತು ನಾಳಿ ಅಂತಾಳ.
ನೆಲದ ಮ್ಯಾಲ ಕುಂತು ಅಂಚಿನಿಂದ ಬೆರಳು ಇಳಿಸಿದ್ಲು,
ಒಂದು, ಎರಡು,
ಮೂರನೇದಕ್ಕ ಕೈ ಚಾಚಿ, ಅಂಗಿಯ ದಪ್ಪ ಬಟ್ಟಿಗಿ ಹತ್ತಿ
ನಿಂತ್ಲು.

"ಇಷ್ಟು ಲಗೂನೇ ನೀರು?"

ಸುಳ್ಳು ಹೇಳಲಿಲ್ಲ ನಾ.
"ಮೂರು ಮೆಟ್ಟಿಲು ಬಿಟ್ಟೀನಿ ದೊಡ್ಡವ್ವ, ಟೈಮಿಲ್ಲ."

ನೀಲಿ ಮ್ಯಾಲ ಅಂಗೈ ಆಡಿಸಿದ್ಲು,
ನಾಕು ತುಂಡು, ನಡುವಿನ ಫರಸಿ ಪೂರಾ.
"ಬಿಟ್ಟಿಲ್ಲ ತಗಿ. ಬಾವಿ ತುಂಬ್ಯಾದ.
ಕೆಳಗ ಅದಾವ ಅವು."

ಅಂದು, ಸೀರಿ ನಿರಿಗಿ ಜರಾ ಮ್ಯಾಲ ಎತ್ತಿ,
ಎರಡೂ ಪಾದ ನೀಲಿಯೊಳಗ ಬಿಟ್ಟು
ಚಾ ಬರೂ ತನಕ ಕುಂತಿದ್ಲು.