ಅಮಾನತು

ಸೂರ್ ಪೇಟೆಯಲ್ಲಿ ಅಸರ್ ಬಾಂಗಿಗೆ
ಚಿನ್ನದಂಗಡಿಯ ಹಮೂದ್ ಬಾಗಿಲಿಗೊಂದು
ಬಟ್ಟೆ ಇಳಿಬಿಟ್ಟು ಹೊರಡುತ್ತಾನೆ.
ಬರೀ ಬಟ್ಟೆ. ಮೊಳೆಗೆ ಸಿಕ್ಕಿಸಿದ್ದು.
ಒಳಗೆ ಬಳೆಗಳು ಬಲ್ಬಿನ ಕೆಳಗೆ ಬೆವರುತ್ತಿರುತ್ತವೆ.
ಹೊಸತರಲ್ಲಿ ನಾನು ಅದರ ಮುಂದೆ ನಿಂತುಬಿಡುತ್ತಿದ್ದೆ
ಕಾವಲಿಗೆ, ಸಂಬಳವಿಲ್ಲದೆ,
ಅವನು ನಮಾಜು ಮುಗಿಸಿ ಬರುವ ತನಕ.
ನೋಡಿ ನಕ್ಕ, ಖರ್ಜೂರ ಕೊಟ್ಟ.
"ಇಲ್ಲಿ ಅಮಾನ್" ಅಂದ, ಎದೆ ಮುಟ್ಟಿಕೊಂಡು.

ನಾನು ಉಪ್ಪಿನಂಗಡಿಯ ಮಯ್ಯದ್ದಿ.
ಸನದ್ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ
ಕಂಡವರ ದೂರು ಟೈಪು ಮಾಡುತ್ತೇನೆ,
ಹಾಳೆಗೆ ಐನೂರು ಬೈಸ.
ನಮ್ಮ ಕೋರ್ಟಿನ ಕನ್ನಡ ಅರ್ಧ
ಈ ಕಡಲಿನಿಂದಲೇ ಹಡಗು ಹತ್ತಿದ್ದು:
ವಕೀಲ, ಜಾಮೀನು, ಹಾಜರು, ತಕರಾರು.
ಅಜ್ಜನ ಜಾಗದ ವ್ಯಾಜ್ಯದಲ್ಲಿ ಕೇಳಿ ಹೆದರಿದ್ದ ಪದಗಳು
ಇಲ್ಲಿ ಮೀನು ಮಾರುವವನ ಬಾಯಲ್ಲಿ
ಸುಮ್ಮನೆ ಬೀಡಾಡಿಯಾಗಿ ತಿರುಗುತ್ತವೆ.

ಹೋದ ವರ್ಷ ನನ್ನ ಕೈಮೇಲೆ ಹೋದ ಕಳವು ಮೂರು.
ಒಂದು ಸೈಕಲ್ಲು, ಅದು ಅಳಿಯ ಒಯ್ದದ್ದು.
ಒಂದು ಬಲೆ.
ಇನ್ನೊಂದು ಆಡು, ಅದು ತಾನೇ ತಿರುಗಿ ಬಂತು,
ದೂರು ವಾಪಸು ತೆಗೆಯಲು ಮತ್ತೆ ಐನೂರು ಬೈಸ.
ಅಪರಾಧದ ಅಂಕಿ ಇಳಿದಿದೆಯೆಂದು ರೇಡಿಯೋ ಹೇಳಿತು.
ನನ್ನ ಪ್ರಿಂಟರಿನ ಶಾಯಿಯೂ ಇಳಿಯುತ್ತಲೇ ಇತ್ತು,
ಯಾವ ಕಾಗದಕ್ಕೆಂದು ಯಾರೂ ಕೇಳಲಿಲ್ಲ.

ಕುಂದಾಪುರದ ಜಲಜಾಕ್ಷಿ, ಆಸ್ಪತ್ರೆಯ ನರ್ಸು,
ರಾತ್ರಿ ಎರಡಕ್ಕೆ ಪಾಳಿ ಮುಗಿಸಿ
ಮರದ ಹಡಗು ಕಟ್ಟುವ ಅಂಗಳ ದಾಟಿ
ಖಾಡಿಯ ಬದಿಯಲ್ಲಿ ಒಬ್ಬಳೇ ನಡೆಯುತ್ತಾಳೆ.
"ಊರಲ್ಲಿ ಸಂಜೆ ಏಳಕ್ಕೇ ಬೀಗದ ಕೈಯನ್ನು
ಬೆರಳ ಸಂದಿಯಲ್ಲಿ ಚೂಪು ಮಾಡಿ ಹಿಡೀತಿದ್ದೆ.
ಕೈಬೀಸಿ ನಡೆಯಲು ಕಲಿತದ್ದೇ ಇಲ್ಲಿ, ಮಾರಾಯ್ರೆ."
ಅದು ಸುಳ್ಳಲ್ಲ.
ದೀಪಸ್ತಂಭದ ಬೆಳಕು ಅವಳನ್ನು ಒಮ್ಮೆ ಮುಟ್ಟಿ
ಮರ್ಯಾದೆಯಿಂದ ಆಚೆ ತಿರುಗುವುದನ್ನು
ನಾನೇ ಕಂಡಿದ್ದೇನೆ.

ಮೊನ್ನೆ ಮಂಗಳವಾರ ಹಮೂದ್ ಬಂದ.
ಮೊದಲು ನನ್ನ ಉಮ್ಮನ ಕಣ್ಣಿನ ಆಪರೇಷನ್ ವಿಚಾರಿಸಿದ.
ಆಮೇಲೆ ಹೇಳಿದ, ಮನೆಗೆಲಸದವಳು ಇಲ್ಲ.
ಸೆಲಮಾವಿತ್. ಇಥಿಯೋಪಿಯಾದವಳು.
ಹೆಸರಿಗೆ ನೆಮ್ಮದಿಯವಳೆಂದು ಅರ್ಥ ಅಂತ
ಮಕ್ಕಳ ಜೊತೆ ಐಸ್‌ಕ್ರೀಮಿಗೆ ಬಂದಾಗ
ಅವಳೇ ಹೇಳಿದ್ದಳು.
ಏನಾದರೂ ಕಳವಾಗಿದೆಯೆ?
"ಏನೂ ಇಲ್ಲ. ಫೋನಿನ ಚಾರ್ಜರ್ ಕೂಡ ಬಿಟ್ಟು ಹೋಗಿದ್ದಾಳೆ."
ಜಗಳ?
"ತಮ್ಮ ತೀರಿಕೊಂಡ, ಊರಿಗೆ ಹೋಗ್ತೇನೆ ಅಂದಳು.
ರಂಜಾನ್ ಕಳೀಲಿ ಅಂದೆ. ಅಷ್ಟೆ."
ಪಾಸ್‌ಪೋರ್ಟು?
"ಅದು ನನ್ನಲ್ಲಿ ಅಮಾನತ್.
ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿದೆ."

ಅಮಾನತ್ ಅಂದರೆ ಇಲ್ಲಿ
ನಂಬಿ ಕೈಗಿಟ್ಟ ಒಡವೆ.
ನಮ್ಮ ತಾಲೂಕು ಕಚೇರಿಯಲ್ಲಿ
ಗುಮಾಸ್ತನನ್ನು ಬಾಗಿಲ ಹೊರಗೆ ನಿಲ್ಲಿಸಿಟ್ಟರೆ ಅಮಾನತು.
ಕೆಲಸ ಇದೆ, ಮಾಡುವಂತಿಲ್ಲ.
ಊರು ಬಿಟ್ಟು ಹೋಗುವಂತೆಯೂ ಇಲ್ಲ.
ಒಂದೇ ಪದ. ನಡುವೆ ಎಷ್ಟು ಉಪ್ಪುನೀರು.

ಹಮೂದ್ ಕೆಟ್ಟವನಲ್ಲ. ಅದೇ ಕಷ್ಟ.
ಬಂಗಾರಕ್ಕೆ ಬಟ್ಟೆ ಸಾಕೆಂದವನು.

ಫಾರ್ಮಿನಲ್ಲಿ ಒತ್ತಿದೆ: ಫರಾರಿ.
ಹೆಸರಿನ ಜಾಗ ಬಂತು.
ಸೀನ್ ಇರಬೇಕಾದಲ್ಲಿ ಸಾದ್ ಒತ್ತಿದೆ.
ಕಿವಿಗೆ ಹೆಚ್ಚುಕಮ್ಮಿ ಒಂದೇ,
ಕಂಪ್ಯೂಟರಿಗೆ ಬೇರೆ ಹೆಂಗಸು.
ತಿದ್ದಿಸಲು ಮೂರು ದಿನ ಬೇಕಾದೀತು, ಹೆಚ್ಚೆಂದರೆ ನಾಲ್ಕು.
ಹನ್ನೊಂದು ವರ್ಷದಲ್ಲಿ ಈ ಊರಿನಲ್ಲಿ
ನಾನು ಮಾಡಿದ ಒಂದೇ ಕಳವು,
ಒಂದಕ್ಷರದ್ದು.
ಐನೂರು ಬೈಸ ಬೇಡವೆಂದೆ.
ಅವನು ಒತ್ತಾಯ ಮಾಡಿ ಕೊಟ್ಟ.

ನಿನ್ನೆ ಜಲಜಾಕ್ಷಿ ಕಚೇರಿಗೆ ಬಂದಳು,
ಟೈಪು ಮಾಡಿಸಲು ಏನೂ ಇರಲಿಲ್ಲ.
ಕೈಚೀಲದಲ್ಲಿ ಎರಡು ಪ್ಯಾಕೆಟ್ ಹಾಲು,
ಹೊಸ ಚಾರ್ಜರ್.
"ಇಲ್ಲಿ ಗಟ್ಟಿ ಚಿಲಕ ಎಲ್ಲಿ ಸಿಗ್ತದೆ, ಮಾರಾಯ್ರೆ?
ಒಳಗಿನಿಂದ ಹಾಕುವಂಥದ್ದು."
ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಯಾಕೆ ಎನ್ನಲಿಲ್ಲ ನಾನು.
ಪಕ್ಕದ ಗಲ್ಲಿಯ ಹಾರ್ಡ್‌ವೇರಿನವನು
ಮೇಲಿನ ಹಲಗೆಯಿಂದ ಒಂದನ್ನು ಹುಡುಕಿ ತೆಗೆದ,
ಧೂಳು ಊದಿದ,
ಇದಕ್ಕೆ ಬೆಲೆ ಎಷ್ಟೆಂದು ತನಗೇ ನೆನಪಿಲ್ಲ ಅಂದ.